ಹಳೇ ಟೆಂಪೋ ಟ್ರಾವೆಲರ್ ಒಳಗೆ ಮನೆ ಮಾಡಿಕೊಂಡಿದ್ದೇವೆ. ಕಲಬುರಗಿ ಬೇಸಿಗೆಗೆ ಕಡಿಮೆ ಖರ್ಚಿನಲ್ಲಿ ಎಸಿ, ಫ್ರಿಜ್ ಕೂರಿಸೋದು ಹೇಗೆ?

ಎಸಿ ಬೇಡ. ಫ್ರಿಜ್ಜೂ ಬೇಡ. ಮೊದಲು ಏಣಿ ಹಾಕಿ ಗಾಡಿಯ ಚಾವಣಿ ನೋಡಿ. ಅಲ್ಲಿ ಸೋಲಾರ್ ಪ್ಯಾನೆಲ್‌ಗೆ ಅಂತ ಎಷ್ಟು ತೂತು ಹೊಡೆಸಿದ್ದೀರಿ, ಅವುಗಳ ಸುತ್ತ ಏನು ಹಚ್ಚಿದ್ದೀರಿ ಅನ್ನೋದು ನಿಮ್ಮ ಎಸಿಗಿಂತ ದೊಡ್ಡ ಪ್ರಶ್ನೆ.

ನಾನು ಹೊಲಗಳಿಗೆ ಡ್ರಿಪ್, ಅಂದರೆ ಹನಿ ನೀರಾವರಿ ಪೈಪ್, ಹಾಕುವ ಕೆಲಸದವನು. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಅಂತ ಹೊಲದಿಂದ ಹೊಲಕ್ಕೆ ತಿರುಗಾಟ. ಲಾಡ್ಜಿಗೆ ದುಡ್ಡು ಸುರಿದು ಸಾಕಾಗಿ ಹಳೇ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಂಚ, ಒಲೆ, ಸಾಮಾನಿನ ಕಪಾಟು ಮಾಡಿಸಿದೆ. ಹೆಂಡತಿಯೂ ಜೊತೆಗೆ ಬರುತ್ತಾಳೆ, ಲೆಕ್ಕಪತ್ರ ಅವಳದೇ. ನಿಮ್ಮ ಹಾಗೆಯೇ ನನಗೂ ಮೊದಲ ಚಿಂತೆ ಕರೆಂಟಿನದಾಗಿತ್ತು. ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಸೋಲಾರ್ ಬೇಕು, ಸೋಲಾರ್ ಇದ್ದರೆ ಏನು ಬೇಕಾದರೂ ಓಡಿಸಬಹುದು ಅಂತ ಲೆಕ್ಕ. 2020ರ ಬೇಸಿಗೆಗೆ ಮುಂಚೆ ಚಾವಣಿ ಮೇಲೆ ಎರಡು ಪ್ಯಾನೆಲ್ ಕೂರಿಸಿದೆ. ತಗಡಿಗೆ ನೇರವಾಗಿ ಡ್ರಿಲ್ ಹೊಡೆದು, ತಿರುಪು ಬಿಗಿದು, ಸುತ್ತ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಲಿಕೋನ್ ಹಚ್ಚಿದೆ.

ಆ ಸಿಲಿಕೋನೇ ನನ್ನನ್ನು ಮುಳುಗಿಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಕಡೆ ಗಾಡಿ ಮಾಡಿಸುವ ಹತ್ತರಲ್ಲಿ ಒಂಬತ್ತು ಜನ ಇದನ್ನೇ ಹಚ್ಚುತ್ತಾರೆ.

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟೋದು ಮಾಮೂಲಿ. ಅದು ನೆರಳಿನ ಲೆಕ್ಕ. ಬಿಸಿಲಿಗೆ ಬಿದ್ದ ತಗಡು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ಕೈ ಇಡೋಕಾಗಲ್ಲ. ರಾತ್ರಿ ಮತ್ತೆ ಆರುತ್ತದೆ. ಮೂರು ಮೀಟರ್ ಉದ್ದದ ಉಕ್ಕಿನ ತಗಡು 40 ಡಿಗ್ರಿ ಏರಿಳಿತಕ್ಕೆ ಹತ್ತಿರ ಹತ್ತಿರ ಒಂದೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ದಿನಾ ನಡೆಯುತ್ತದೆ. ಅದರ ಮೇಲೆ ನಮ್ಮ ರಸ್ತೆಯ ಕುಲುಕಾಟ ಬೇರೆ. ಪ್ಯಾನೆಲ್ಲಿನ ಅಲ್ಯೂಮಿನಿಯಂ ಚೌಕಟ್ಟು ಹಿಗ್ಗುವ ಲೆಕ್ಕವೇ ಬೇರೆ, ಉಕ್ಕಿಗಿಂತ ಎರಡು ಪಟ್ಟು. ಎರಡೂ ಬೇರೆ ಬೇರೆ ಎಳೆಯುವಾಗ ನಡುವೆ ಸಿಕ್ಕಿದ ಸಿಲಿಕೋನ್ ಅಂಚಿನಿಂದ ಮೆಲ್ಲಗೆ ಬಿಡುತ್ತದೆ. ಮೇಲಿಂದ ನೋಡಿದರೆ ಗಟ್ಟಿಯಾಗೇ ಇದೆ ಅನ್ನಿಸುತ್ತದೆ. ಉಗುರು ಹಾಕಿದರೆ ಸಿಪ್ಪೆಯ ಹಾಗೆ ಏಳುತ್ತದೆ. ಇನ್ನೊಂದು ವಿಷಯ, ಹಚ್ಚುವಾಗ ಹುಳಿ ವಾಸನೆ ಬರುವ ಸಿಲಿಕೋನ್ ಇದೆಯಲ್ವಾ, ಅದರಿಂದ ಬಿಡುಗಡೆಯಾಗೋದು ಆಸಿಡ್, ವಿನೆಗರ್‌ನಲ್ಲಿರೋದೇ. ಡ್ರಿಲ್ ಹೊಡೆದ ತೂತಿನ ಬರಿಯ ಉಕ್ಕಿಗೆ ಅದು ತಾಗಿದರೆ ತುಕ್ಕು ಅಲ್ಲಿಂದಲೇ ಶುರು.

ಮಳೆಗಾಲದ ಮೊದಲ ಮಳೆಗೆ ಹಿಂದಿನ ಕಿಟಕಿ ಪಕ್ಕ, ಮಂಚದ ಮೇಲೆ, ತೊಟ್ಟಿಕ್ಕಲು ಶುರುವಾಯಿತು. ಕಿಟಕಿಯ ರಬ್ಬರ್ ಹೋಗಿದೆ ಅಂದುಕೊಂಡು ರಬ್ಬರ್ ಬದಲಿಸಿದೆ. ಮತ್ತೆ ತೊಟ್ಟಿಕ್ಕಿತು. ಒಳಗಿನಿಂದ ಎಂ-ಸೀಲ್ ಮೆತ್ತಿದೆ. ನಿಂತಿತು ಅನ್ನಿಸಿತು. ನಿಂತಿರಲಿಲ್ಲ, ನೀರು ಹೊರಬರುವ ದಾರಿ ಮುಚ್ಚಿದ್ದೆ ಅಷ್ಟೆ. ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಹರಿದು ಜಿಲ್ಲೆಯ ಎಷ್ಟೋ ಊರು ಮುಳುಗಿದ ಆ ಮಳೆ ನೆನಪಿರಬೇಕು. ಆಗ ಗಾಡಿಯ ಒಳಪದರದ ಹಿಂದೆ ನಿಂತ ನೀರೆಲ್ಲ ಪ್ಲೈವುಡ್ ಕುಡಿಯಿತು. ಗೋಡೆಯ ಹಲಗೆ ಉಬ್ಬಿತು, ಲೈಟಿನ ವೈರ್ ಜೋಡಣೆಯಲ್ಲಿ ಹಸಿರು ಕಿಲುಬು ಕಟ್ಟಿತು, ಹಾಸಿಗೆಯಲ್ಲಿ ಬೂಸಲು. ಪ್ಲೈ, ವೈರಿಂಗ್, ಹಾಸಿಗೆ, ಕೂಲಿ ಎಲ್ಲ ಸೇರಿ ನಲವತ್ತು ಸಾವಿರದ ಮೇಲೆ ಹೋಯಿತು. ಎರಡೂ ಪ್ಯಾನೆಲ್‌ಗಳಿಗೆ ಕೊಟ್ಟ ಹಣಕ್ಕಿಂತ ಜಾಸ್ತಿ.

ಸೋರುವ ಜಾಗವನ್ನು ಕೊನೆಗೆ ಹಿಡಿದದ್ದು ಹೆಂಡತಿ. ಒಳಪದರ ಕಳಚಿ, ಚಾವಣಿಯ ಕೆಳಗಿನ ಪಟ್ಟಿಗಳ ಉದ್ದಕ್ಕೂ ಚಾಕ್ ಪುಡಿ ಉಜ್ಜಿದಳು. ನಾನು ಮೇಲೆ ಹತ್ತಿ ತಂಬಿಗೆಯಿಂದ ನೀರು ಹಾಕುತ್ತಾ ಹೋದೆ. ತಗ್ಗಿನ ಕಡೆಯಿಂದ ಶುರು ಮಾಡಿ ಎತ್ತರದ ಕಡೆಗೆ, ಒಂದೊಂದು ತಿರುಪಿಗೂ ಹಾಕಿ ಸ್ವಲ್ಪ ಹೊತ್ತು ಕಾಯೋದು. ಡ್ರೈವರ್ ಸೀಟಿನ ಹಿಂದಿನ ಮೂಲೆಯ ತಿರುಪಿಗೆ ಬಂದಾಗ ಒಳಗಿನಿಂದ ಕೂಗಿದಳು. ಬಿಳಿ ಪುಡಿಯ ಮೇಲೆ ಕಪ್ಪು ಗೆರೆಯೊಂದು ಮೂಡಿ, ಪಟ್ಟಿ ಹಿಡಿದು ಹಿಂದಕ್ಕೆ ಹೊರಟಿತ್ತು. ನೀರು ಒಳಗೆ ಬರುತ್ತಿದ್ದದ್ದು ಮುಂದೆ, ತೊಟ್ಟಿಕ್ಕುತ್ತಿದ್ದದ್ದು ಹಿಂದೆ. ನಾನು ಯಾವಾಗಲೂ ಗಾಡಿಯನ್ನು ಮೂತಿ ಮೇಲಾಗಿ ನಿಲ್ಲಿಸುತ್ತಿದ್ದೆ, ಹಾಗಾಗಿ. ತೊಟ್ಟಿಕ್ಕುವ ಜಾಗಕ್ಕೇ ಮೆತ್ತುತ್ತಾ ಕೂತರೆ ಜೀವಮಾನವಿಡೀ ಮೆತ್ತಬೇಕು.

ಈಗ ನಿಮ್ಮ ಚಾವಣಿಯ ವಿಷಯ. ಅಂಚಿನಲ್ಲಿ ಮಳೆನೀರಿನ ಪಟ್ಟಿ ಇರುವ ಗಾಡಿಯಾದರೆ ತೂತೇ ಹೊಡೆಯಬೇಡಿ, ಆ ಪಟ್ಟಿಗೆ ಕಚ್ಚುವ ಕ್ಲಾಂಪ್ ಕ್ಯಾರಿಯರ್ ಹಾಕಿ ಅದರ ಮೇಲೆ ಪ್ಯಾನೆಲ್ ಕಟ್ಟಿ. ಈಗಾಗಲೇ ತೂತು ಬಿದ್ದಿದ್ದರೆ ಹಳೇ ಸಿಲಿಕೋನ್ ಪೂರ್ತಿ ಕೆರೆದು ತೆಗೆಯಿರಿ. ಒಂಚೂರೂ ಉಳಿಯಬಾರದು, ಹಳೇ ಸಿಲಿಕೋನ್ ಮೇಲೆ ಏನೂ ಹಿಡಿಯಲ್ಲ, ಹೊಸ ಸಿಲಿಕೋನ್ ಸಹ. ತೂತಿನ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ಬ್ರಾಕೆಟ್ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಇಟ್ಟು ಬಿಗಿದು, ತಿರುಪಿನ ತಲೆ ಮೇಲೆ ಪಾಲಿಯುರೆಥೇನ್ ಸೀಲಂಟ್ ಹಾಕಿ. ಬ್ಯೂಟೈಲ್ ವರ್ಷಗಟ್ಟಲೆ ಗಟ್ಟಿಯಾಗಲ್ಲ, ತಗಡು ಎಳೆದ ಕಡೆ ಅದೂ ಜಗ್ಗುತ್ತದೆ. ಎಲ್ಲ ಸೇರಿ ಸಾವಿರ, ಸಾವಿರದ ಐನೂರರ ಕೆಲಸ. ಮೃಗಶಿರಾ ಮಳೆಗೆ ಮುಂಚೆ ಮುಗಿಸಿ.

ಎಸಿ ಯಾಕೆ ಬೇಡ ಅಂದೆ ಅಂದ್ರೆ, ಒಂದು ಟನ್ ಎಸಿ ಸಾವಿರ ವ್ಯಾಟ್ ಆಸುಪಾಸು ಎಳೆಯುತ್ತದೆ. 150 ಆಂಪಿಯರ್ ಅವರ್‌ನ 12 ವೋಲ್ಟ್ ಟ್ಯೂಬುಲರ್ ಬ್ಯಾಟರಿಯಲ್ಲಿ ಇರೋದೇ 1800 ವ್ಯಾಟ್ ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಅಂದರೆ ನಿಮಗೆ ಸಿಗೋದು 900, ಒಂದು ತಾಸೂ ಇಲ್ಲ. ಅದೇ 900ರಲ್ಲಿ 25 ವ್ಯಾಟಿನ 12 ವೋಲ್ಟ್ ಫ್ಯಾನ್ ಒಂದೂವರೆ ದಿನ ತಿರುಗುತ್ತದೆ. ಬ್ಯಾಟರಿ ಎರಡು ಮಾಡಿದರೂ, ಮೂರು ಮಾಡಿದರೂ ಎಸಿ ಎರಡು-ಮೂರು ತಾಸಿಗಿಂತ ಜಾಸ್ತಿ ಓಡಲ್ಲ. ಸುಮ್ನೆ ಗಾಡಿ ಭಾರ ಆಗುತ್ತದೆ.

ಕಾಯುವ ತಗಡಿನ ಒಳಗೆ ಕೂತು ತಂಪು ಮಾಡೋದಲ್ಲ, ತಗಡೇ ಕಾಯದ ಹಾಗೆ ಮಾಡೋದು ಕೆಲಸ. ಅದಕ್ಕೆ ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋಗಬೇಡಿ, ಕೃಷಿ ಸಾಮಾನಿನ ಅಂಗಡಿಗೆ ಹೋಗಿ. ನರ್ಸರಿಗೆ ಹಾಕುವ 75 ಪರ್ಸೆಂಟ್ ಶೇಡ್ ನೆಟ್ ತನ್ನಿ. ಚಾವಣಿಗೆ ಅಂಟಿಸಿ ಹೊದಿಸಬೇಡಿ. ಅಂಟಿಸಿದರೆ ನೆಟ್ ಕಾದು ತಗಡನ್ನೂ ಕಾಯಿಸುತ್ತದೆ. ಪಿವಿಸಿ ಪೈಪ್ ತುಂಡಿಟ್ಟು ಚಾವಣಿಗಿಂತ ಒಂದು ಗೇಣು ಮೇಲೆ ಬರುವ ಹಾಗೆ ಬಿಗಿಯಾಗಿ ಕಟ್ಟಿ, ನಡುವೆ ಗಾಳಿ ಹಾಯಬೇಕು. ಪ್ಯಾನೆಲ್ ಮೇಲೆ ಮಾತ್ರ ನೆಟ್ ಬರದಿರಲಿ. ಓಡಿಸುವಾಗ ಬಿಚ್ಚಿಡಿ. ಚಾವಣಿಗೆ ಬಿಳಿ ಬಣ್ಣ ಇರದಿದ್ದರೆ ಬಳಿಸಿ. ಈ ಎರಡು ಆದ ಮೇಲೆ ನಮ್ಮ ಗಾಡಿಯಲ್ಲಿ ಮಧ್ಯಾಹ್ನ ಹೆಂಡತಿ ಒಳಗೆ ಕೂತು ಲೆಕ್ಕ ಬರೆಯುವ ಹಾಗಾಯಿತು. ಅದಕ್ಕೆ ಮುಂಚೆ ಹನ್ನೊಂದರಿಂದ ಐದರವರೆಗೆ ಬೇವಿನ ಮರವೇ ಗತಿ.

ದುಡ್ಡೇ ಬೇಡದ ಉಪಾಯ ಒಂದಿದೆ, ಯಾರೂ ಮಾಡಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರುತ್ತಾನೆ. ಗಾಡಿಯ ಗೋಡೆಗೆ ಹೊಡೆಯೋದು ಬೆಳಗ್ಗೆ ಪೂರ್ವದಿಂದ, ಸಂಜೆ ಪಶ್ಚಿಮದಿಂದ. ಆದ್ದರಿಂದ ಗಾಡಿಯನ್ನು ಪೂರ್ವ-ಪಶ್ಚಿಮ ಉದ್ದಕ್ಕೆ ನಿಲ್ಲಿಸಿ, ಮೂತಿ ಪೂರ್ವಕ್ಕೆ. ಉದ್ದದ ಎರಡೂ ಗೋಡೆ ದಕ್ಷಿಣ, ಉತ್ತರಕ್ಕೆ ಬರುತ್ತವೆ, ಬಿಸಿಲು ಕಡಿಮೆ ಬೀಳುತ್ತದೆ. ಮುಂದಿನ ದೊಡ್ಡ ಗಾಜಿಗೆ ಬೀಳೋದು ಬೆಳಗಿನ ಬಿಸಿಲು ಮಾತ್ರ, ಅದಕ್ಕೂ ರಟ್ಟಿಗೆ ಫಾಯಿಲ್ ಅಂಟಿಸಿ ಹೊರಗಿನಿಂದ ಮುಚ್ಚಿ. ಒಳಗಿನಿಂದ ಮುಚ್ಚಿದರೆ ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ.

ಲಾವಂಚದ ತಟ್ಟಿ ಒದ್ದೆ ಮಾಡಿ ಕಿಟಕಿಗೆ ಕಟ್ಟೋದು, ಹಿಂದೆ ಸಣ್ಣ ಫ್ಯಾನ್ ಇಡೋದು ನಮ್ಮ ಒಣ ಹವೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರಿನ ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ತೇವ ಒಳಗೇ ಉಳಿದು ಸೆಖೆ ಹೆಚ್ಚುತ್ತದೆ. ಜೂನ್ ಬಂದ ಮೇಲೆ ಇದನ್ನು ಬಿಚ್ಚಿಡಿ, ಹವೆಯಲ್ಲೇ ತೇವ ಇರುವಾಗ ಉಪಯೋಗವಿಲ್ಲ.

ಇನ್ನು ಮೇ ತಿಂಗಳ ಎರಡು ವಾರ ತೀರಾ ಅಸಹನೀಯವಾದರೆ ಕಲಬುರಗಿಯಲ್ಲೇ ಯಾಕೆ ಇರಬೇಕು? ನಿಮ್ಮ ಮನೆಗೆ ಗಾಲಿ ಇದೆ. ಬೀದರ್ 700 ಮೀಟರ್ ಎತ್ತರದಲ್ಲಿದೆ, ಕಲಬುರಗಿ 450ರ ಆಸುಪಾಸು. ಹುಮನಾಬಾದ್ ದಾಟಿ ಮೇಲೆ ಹೋದರೆ ರಾತ್ರಿ ನಿದ್ದೆ ಬರುವಷ್ಟು ವ್ಯತ್ಯಾಸ ಇರುತ್ತದೆ. ಅಲ್ಲಿಯದು ಕೆಂಪು ಮುರದ (ಜಲ್ಲಿಯಂಥ ಗಟ್ಟಿ ಮಣ್ಣಿನ) ನೆಲ, ಮಳೆ ಬಂದರೂ ಗಾಲಿ ಹೂಳಲ್ಲ. ನಮ್ಮ ಕಡೆಯ ಎರೆಮಣ್ಣು ಹಾಗಲ್ಲ. ಒಂದು ಅಡ್ಡ ಮಳೆ ಸಾಕು, ಟ್ರ್ಯಾಕ್ಟರ್ ಕರೆಸಬೇಕು. ಎರೆ ಹೊಲದ ಬದುವಿನಲ್ಲಿ ರಾತ್ರಿ ಗಾಡಿ ನಿಲ್ಲಿಸಲೇಬೇಡಿ. ಗಾಡಿ ಮಟ್ಟ ಮಾಡೋಕೆ ಶಹಾಬಾದ್ ಪರ್ಸಿ (ಹಾಸುಗಲ್ಲು) ಅಗ್ಗಕ್ಕೆ ಸಿಗುತ್ತದೆ ಅಂತ ಗಾಲಿ ಕೆಳಗೆ ಇಡಬೇಡಿ, ಹತ್ತುವಾಗ ಪಟ್ ಅಂತ ಮುರಿಯುತ್ತದೆ. ಜಾಲಿ ಮರದ ದಪ್ಪ ಹಲಗೆ ಎರಡು ಇಟ್ಟುಕೊಳ್ಳಿ.

ನೀರಿನ ವ್ಯವಸ್ಥೆಗೆ ಪಂಪು, ಫ್ಯಾನ್ಸಿ ನಲ್ಲಿ ಬೇಕಿಲ್ಲ. ಕ್ಯಾನಿನ ಬುಡಕ್ಕೆ ತೂತು ಹಾಕಿ, ಡ್ರಿಪ್‌ನ ರಬ್ಬರ್ ಗ್ರೋಮೆಟ್ (ತೂತಿಗೆ ಕೂರುವ ಬಳೆ), 16 ಎಂಎಂ ಕನೆಕ್ಟರ್, ಒಂದು ತುಂಡು ಲ್ಯಾಟರಲ್ ಪೈಪ್ (ಬೆಳೆಯ ಸಾಲಿಗೆ ಎಳೆಯುವ ಸಣ್ಣ ಪೈಪ್), ತುದಿಗೆ ಸಣ್ಣ ವಾಲ್ವ್ ಹಾಕಿ. ಕ್ಯಾನನ್ನು ಎತ್ತರದಲ್ಲಿಟ್ಟರೆ ಪಾತ್ರೆ ತೊಳೆಯಲು ಧಾರೆ ಸಾಕು. ಐವತ್ತು ರೂಪಾಯಿ ಆಸುಪಾಸಿನ ಕೆಲಸ. ಇದು ತೊಳೆಯುವ ನೀರಿಗೆ ಮಾತ್ರ, ಕುಡಿಯೋದಕ್ಕೆ ಮಣ್ಣಿನ ಹರವಿಯೇ ಸರಿ. ನಮ್ಮ ಬೋರ್ ನೀರಿಗೆ ವಾಲ್ವಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ಲಿಂಬೆರಸದಲ್ಲಿ ನೆನೆಸಿಡಿ. ಸ್ನಾನಕ್ಕೆ ಬೆನ್ನಿಗೆ ಹಾಕುವ 16 ಲೀಟರ್ ಬ್ಯಾಟರಿ ಸ್ಪ್ರೇಯರ್ ತುಂಬಾ ಚೆನ್ನಾಗಿದೆ, ಅರ್ಧ ಕ್ಯಾನಿನಲ್ಲಿ ಒಬ್ಬರ ಸ್ನಾನ ಆಗುತ್ತದೆ. ಆದರೆ ಹೊಸದೇ ಕೊಳ್ಳಿ. ತೊಗರಿಗೆ ಒಮ್ಮೆ ಔಷಧಿ ಹೊಡೆದ ಸ್ಪ್ರೇಯರ್ ಎಷ್ಟು ತೊಳೆದರೂ ಮೈಗೆ ಬೇಡ. ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ.

ಗ್ಯಾಸ್ ಬಗ್ಗೆ ಒಂದೇ ಮಾತು. 5 ಕೆಜಿ ಸಿಲಿಂಡರ್ ಇಟ್ಟ ಕಪಾಟಿನ ತಳಕ್ಕೆ, ಹೊರಗೆ ತೆರೆದುಕೊಳ್ಳುವ ಹಾಗೆ ಕಿಂಡಿ ಕೊರೆಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ, ಮೇಲಿನ ಕಿಟಕಿಯಿಂದ ಹೋಗಲ್ಲ. ಒಲೆ ಹಚ್ಚಿದಾಗ ಕಿಟಕಿಯೂ ತೆರೆದೇ ಇರಲಿ.

ಮತ್ತೆ ಆರ್‌ಟಿಒ. ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸೋದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸೀಟಿನ ಸಂಖ್ಯೆಯೂ ಆರ್‌ಸಿಯಲ್ಲಿದೆ. ಸೀಟು ಕಳಚುವ ಮುಂಚೆಯೇ ಅಲ್ಲಿ ಹೋಗಿ ಕೇಳಿ, ಆಮೇಲೆ ಕೇಳಿದರೆ ಓಡಾಟ ಜಾಸ್ತಿ.

ಫ್ರಿಜ್ ವಿಷಯ ಉಳಿಯಿತು. ಅದರಲ್ಲಿ ಏನು ಇಡುತ್ತೀರಿ ಹೇಳಿ? ಕಡಕ್ ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ ಅದಕ್ಕಿಂತ ಜಾಸ್ತಿ ದಿನ ಇರುತ್ತವೆ. ತೊಗರಿಬೇಳೆ ಕುಕ್ಕರ್‌ಗೆ ಹಾಕಿದರೆ ಅರ್ಧ ತಾಸಿನ ಕೆಲಸ. ಸೊಪ್ಪು, ಮೂಲಂಗಿ, ಸೌತೆಕಾಯಿ ದಿನಾ ಹೊಲದಲ್ಲೇ ಸಿಗುತ್ತವೆ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಹರವಿ ಪಕ್ಕ ಇಟ್ಟರೆ ಮರುದಿನಕ್ಕೂ ಗರಿಗರಿ. ಮೊಸರು ಆ ಆ ಊರಿನಲ್ಲಿ ಕೊಳ್ಳಿ, ನಿಂತ ಊರಿನವರ ಪರಿಚಯವೂ ಆಗುತ್ತದೆ. ಮಗುವಿಗೆ ಹಾಲು, ಮನೆಯಲ್ಲಿ ಯಾರಿಗಾದರೂ ಇನ್ಸುಲಿನ್ ಅಂತಿದ್ದರೆ ಮಾತ್ರ 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ ನೋಡಿ. ಹಾಗಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ನಿಮ್ಮ ಪ್ಯಾನೆಲ್ ಎಷ್ಟು ವ್ಯಾಟಿನದು ಅಂತಲೂ ಹೇಳಿ, ಅದಕ್ಕೆ ಎಷ್ಟು ಬ್ಯಾಟರಿ ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಕೊಡುತ್ತೇನೆ.