1/35 ಗೊಂಬೆಯ ಕಣ್ಣು ಕೆಡುವುದು ಕೈ ನಡುಗುವುದರಿಂದಲ್ಲ

ನೀವು ಕೇಳಿರುವುದು ಇಷ್ಟು: 1/35 ಅಳತೆಯ (ನಿಜ ಗಾತ್ರದ 35ರಲ್ಲಿ ಒಂದು ಪಾಲಿನ) ಪ್ಲಾಸ್ಟಿಕ್ ಸೈನಿಕರಿಗೆ ಅಕ್ರಿಲಿಕ್ ಬಣ್ಣ ಹಚ್ಚುತ್ತೀರಿ, ಬಟ್ಟೆ, ಬೆಲ್ಟು ಎಲ್ಲ ಚೆನ್ನಾಗಿ ಬರುತ್ತೆ, ಮುಖಕ್ಕೆ ಬಂದರೆ ಮಾತ್ರ ಬೆಚ್ಚಿಬಿದ್ದವರ ಕಣ್ಣಿನ ಹಾಗೆ ಆಗುತ್ತೆ. 10/0 ಎಂಬ ಅತಿ ಸಣ್ಣ ಬ್ರಷ್ ತಂದರೂ ಸರಿಹೋಗಲಿಲ್ಲ, ಕೈ ಬೇರೆ ನಡುಗುತ್ತೆ.

ಮೊದಲು ಆ 10/0 ಪಕ್ಕಕ್ಕಿಡಿ. ಅದರಲ್ಲಿರುವುದು ನಾಲ್ಕೆಳೆ ಕೂದಲು, ಹಿಡಿಯುವುದು ಅರ್ಧ ಹನಿಗಿಂತ ಕಡಿಮೆ ಬಣ್ಣ. ಪ್ಯಾಲೆಟ್‌ನಿಂದ ಗೊಂಬೆಯ ಮುಖಕ್ಕೆ ಬರುವಷ್ಟರಲ್ಲಿ ತುದಿ ಒಣಗಿರುತ್ತೆ. ಬಣ್ಣ ಇಳಿಯಲಿಲ್ಲ ಅಂತ ಒತ್ತುತ್ತೀರಿ, ಒಣಗಿದ ಉಂಡೆ ಒಂದೇ ಸಲ ಬೀಳುತ್ತೆ. ಸಣ್ಣ ಕೆಲಸಕ್ಕೆ ಬೇಕಾಗಿರುವುದು ಸಣ್ಣ ಬ್ರಷ್ ಅಲ್ಲ, ಚೂಪು ತುದಿಯ ಬ್ರಷ್. ಕೊಲಿನ್‌ಸ್ಕಿ (ಸೈಬೀರಿಯಾ ಕಡೆಯ ಒಂದು ಸಣ್ಣ ಪ್ರಾಣಿ) ಕೂದಲಿನ 0 ಅಥವಾ 1ನೇ ನಂಬರು ಸಾಕು. ಬ್ರಷ್‌ನ ಹೊಟ್ಟೆಯಲ್ಲಿ, ಅಂದರೆ ಉಬ್ಬಿದ ನಡುಭಾಗದಲ್ಲಿ, ಬಣ್ಣ ನಿಲ್ಲುತ್ತೆ, ತುದಿಗೆ ನಿಧಾನವಾಗಿ ಇಳಿಯುತ್ತೆ. ಕೊಳ್ಳುವಾಗ ನೀರಲ್ಲಿ ಅದ್ದಿ ಒಮ್ಮೆ ಒದರಿ ನೋಡಿ, ತಾನಾಗಿ ಒಂದೇ ಮೊನೆಗೆ ಕೂಡಿಕೊಳ್ಳಬೇಕು. ಯಾವ ಕೂದಲು ಅಂತ ಕೇಳಿಯೇ ಕೊಳ್ಳಿ. ಮುಂಗುಸಿ ಕೂದಲಿನ ಬ್ರಷ್‌ಗಳು ನಮ್ಮಲ್ಲಿ ಈಗಲೂ ಕದ್ದುಮುಚ್ಚಿ ಮಾರಾಟವಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ವ್ಯಾಪಾರ ಅಪರಾಧ, ಜೊತೆಗೆ ಪ್ರಾಣಿಯನ್ನು ಕೊಂದೇ ಆ ಕೂದಲು ತೆಗೆಯುವುದು. ಅನುಮಾನ ಬಂದರೆ ಒಳ್ಳೆಯ ಸಿಂಥೆಟಿಕ್ ತಗೊಳ್ಳಿ. ಮೊನೆ ಬೇಗ ಕೊಕ್ಕೆಯಂತೆ ಬಾಗುತ್ತೆ ನಿಜ, ಆದರೆ ಕೆಲಸ ಆಗುತ್ತೆ.

ಈಗ ಅಳತೆ ನೋಡಿ. ಮನುಷ್ಯನ ಕಣ್ಣಿನ ಸೀಳು ಸುಮಾರು 30 ಮಿ.ಮೀ. ಅಗಲ. 35ರಿಂದ ಭಾಗಿಸಿದರೆ 0.86 ಮಿ.ಮೀ., ರಾಗಿ ಕಾಳಿಗಿಂತಲೂ ಚಿಕ್ಕದು. ಕರಿಗುಡ್ಡೆ 12 ಮಿ.ಮೀ., ಅದು 0.34 ಆಗುತ್ತೆ. ಎಂಥ ನುರಿತ ಕೈಯಾದರೂ ಇಷ್ಟು ಚಿಕ್ಕದನ್ನು ಒಂದೇ ಏಟಿಗೆ ಅಳತೆಗೆ ಸರಿಯಾಗಿ ಇಡಲಾರದು. ಹಾಗಾಗಿ ತೆಳ್ಳಗೆ ಎಳೆಯಲು ಹೋಗಬೇಡಿ. ದಪ್ಪಗೆ ಎಳೆದು, ಆಮೇಲೆ ಪಕ್ಕದ ಬಣ್ಣದಿಂದ ಎರಡೂ ಕಡೆ ಕತ್ತರಿಸಿಕೊಂಡು ಬನ್ನಿ. ಸಣ್ಣ ಕೆಲಸದ ಗುಟ್ಟೆಲ್ಲ ಇಲ್ಲೇ ಇದೆ. ಬಟನ್, ಬಕಲ್, ಕಾಲರ್ ಪಟ್ಟಿ, ಎಲ್ಲಕ್ಕೂ ಇದೇ ದಾರಿ.

ಕಣ್ಣಿಗೆ ಇದನ್ನು ಹೀಗೆ ಮಾಡಿ. ಚರ್ಮದ ಬಣ್ಣಕ್ಕಿಂತ ಮೊದಲೇ ಕಣ್ಣು ಮುಗಿಸಿ. ಕಣ್ಣಿನ ಗುಳಿಗೆ ಪೂರ್ತಿ ಗಾಢ ಕಂದು ತುಂಬಿ, ಆಚೀಚೆ ಹರಿದರೂ ಚಿಂತೆಯಿಲ್ಲ. ಅದರ ಮೇಲೆ ಅಡ್ಡಲಾಗಿ ಒಂದು ಕೆನೆಬಣ್ಣದ ಗೆರೆ. ಅಚ್ಚ ಬಿಳಿ ಬೇಡ, ಈ ಅಳತೆಯಲ್ಲಿ ಅದು ದೀಪದ ಹಾಗೆ ಹೊಳೆಯುತ್ತೆ. ಆಮೇಲೆ ಗುಡ್ಡೆ: ಚುಕ್ಕೆ ಇಡಲು ಹೋದರೆ ಜಾರುತ್ತೆ, ಅದರ ಬದಲು ಹುಬ್ಬಿನ ಕಡೆಯಿಂದ ಕೆನ್ನೆವರೆಗೆ ಕಂದು ಬಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಈ ಹಂತದಲ್ಲಿ ಮುಖ ಹುಲಿವೇಷದವರ ಥರ ಕಾಣುತ್ತೆ, ಹೆದರಬೇಡಿ. ಈಗ ಚರ್ಮದ ಬಣ್ಣ ತಗೊಂಡು ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಮುಚ್ಚುತ್ತಾ ಬನ್ನಿ. ಮೇಲೆ ಕೂದಲೆಳೆಯಷ್ಟು ಕಂದು ಉಳಿಸಿ, ಅದೇ ರೆಪ್ಪೆಯ ನೆರಳು. ಕೆಳಗೆ ಉಳಿಸಬೇಡಿ, ಉಳಿಸಿದರೆ ಕಾಡಿಗೆ ಹಚ್ಚಿದಂತಾಗುತ್ತೆ.

ಬೆಚ್ಚಿಬಿದ್ದ ನೋಟಕ್ಕೆ ಕಾರಣ ಗುಡ್ಡೆಯ ಸುತ್ತಲೂ ಬಿಳಿ ಕಾಣುವುದು. ಕನ್ನಡಿಯಲ್ಲಿ ನೋಡಿಕೊಳ್ಳಿ, ನಿಮ್ಮ ಗುಡ್ಡೆಯ ಮೇಲಂಚು ರೆಪ್ಪೆಯೊಳಗೆ ಅಡಗಿರುತ್ತೆ. ಗೊಂಬೆಗೂ ಗುಡ್ಡೆ ಮೇಲಿನ ರೆಪ್ಪೆಗೆ ತಾಗಲೇಬೇಕು. ಎರಡೂ ಕಣ್ಣು ಒಂದೇ ಪಕ್ಕಕ್ಕೆ ನೋಡುವಂತೆ ಮಾಡಿದರೆ ಸಣ್ಣ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನೇರ ನೋಟದಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸವಾದರೂ ಮೆಳ್ಳೆಗಣ್ಣಾಗುತ್ತೆ. ನಿಮ್ಮ ಕೈಗೆ ಕಷ್ಟವಾಗುವ ಕಡೆಯ ಕಣ್ಣನ್ನು ಮೊದಲು ಮಾಡಿ, ಸುಲಭದ್ದನ್ನು ಅದಕ್ಕೆ ಹೊಂದಿಸಿ. ಬೇಕಿದ್ದರೆ ಗೊಂಬೆಯನ್ನು ತಲೆಕೆಳಗು ಹಿಡಿಯಿರಿ.

ಬಣ್ಣದ ಹದ: ಚರ್ಮಕ್ಕೆ ಒಂದು ಪಾಲು ಬಣ್ಣಕ್ಕೆ ಒಂದು ಪಾಲು ನೀರು ಹಾಕಿ ಶುರುಮಾಡಿ, ಹಾಲಿನ ಹದ ಬರಬೇಕು. ಗುಡ್ಡೆಯ ಗೆರೆಗೆ ಸ್ವಲ್ಪ ಗಟ್ಟಿ ಇರಲಿ, ನೀರಾದರೆ ಗುಳಿಯ ಅಂಚಿಗೆ ಹರಿದುಬಿಡುತ್ತೆ. ಬ್ರಷ್‌ಗೆ ಬಣ್ಣ ತಗೊಂಡ ಪ್ರತಿ ಸಲವೂ ಹೊಟ್ಟೆಯ ಭಾಗವನ್ನು ಟಿಶ್ಯೂಗೆ ಒಮ್ಮೆ ತಾಗಿಸಿ, ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ, ಆಮೇಲೆ ಗೊಂಬೆ. ಈ ಎರಡು ಸೆಕೆಂಡ್ ಉಳಿಸಲು ಹೋಗಿಯೇ ಹೆಚ್ಚು ಮುಖಗಳು ಹಾಳಾಗುವುದು. ಸೀಲಿಂಗ್ ಫ್ಯಾನ್ ಆಫ್ ಮಾಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ ಮೇಲೆ ಬಟರ್ ಪೇಪರ್ ಇಟ್ಟರೆ ವೆಟ್ ಪ್ಯಾಲೆಟ್ ಆಯಿತು. ಮೇಣದ ಹಾಳೆಯಾದರೆ ನೀರು ಮೇಲೆ ಏರುವುದಿಲ್ಲ, ಬಣ್ಣ ಒಣಗುತ್ತೆ. ಒಣಗುವುದನ್ನು ತಡೆಯುವ ರಿಟಾರ್ಡರ್ ಇದ್ದರೆ ಅತಿ ಕಡಿಮೆ ಹಾಕಿ, ಹೆಚ್ಚಾದರೆ ಮರುದಿನವೂ ಅಂಟಂಟಾಗಿಯೇ ಇರುತ್ತೆ.

ಇನ್ನು ನಡುಕ. ಗೊಂಬೆಯನ್ನು ಬೆರಳಲ್ಲಿ ಹಿಡಿಯಬೇಡಿ, ಮಾತ್ರೆ ಡಬ್ಬಿಯ ಮೇಲೆ ಬ್ಲೂ ಟ್ಯಾಕ್‌ನಿಂದ (ಹಿಟ್ಟಿನಂತೆ ಮೆತ್ತಗಿರುವ ಅಂಟು) ಕೂರಿಸಿ. ಎರಡೂ ಮೊಣಕೈ ಮೇಜಿನ ಮೇಲೆ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ. ಆಗ ನಡುಗಿದರೂ ಬ್ರಷ್ಷೂ ಗೊಂಬೆಯೂ ಒಟ್ಟಿಗೆ ನಡುಗುತ್ತವೆ, ಗೆರೆ ಕೆಡುವುದಿಲ್ಲ. ತಲೆಗೆ ಕಟ್ಟುವ ಭೂತಗನ್ನಡಿ 2ರಿಂದ 2.5 ಪಟ್ಟು ಸಾಕು. ಅದಕ್ಕಿಂತ ಹೆಚ್ಚಾದರೆ ಗೊಂಬೆ ಮೂಗಿಗೆ ಅಂಟುವಷ್ಟು ಹತ್ತಿರ ಬರಬೇಕು, ಬ್ರಷ್ ಆಡಿಸಲು ಜಾಗವಿರುವುದಿಲ್ಲ.

ಇಷ್ಟು ಮಾಡಿಯೂ ರೆಪ್ಪೆಯ ಏಣೇ ಕಾಣದಿದ್ದರೆ ತಪ್ಪು ಪ್ರೈಮರ್‌ನದು, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ತಳಪದರದ್ದು; ದಪ್ಪವಾದರೆ ಏಣು ಮುಚ್ಚಿಹೋಗುತ್ತೆ. ಸ್ಪ್ರೇ ಕ್ಯಾನನ್ನು 20–25 ಸೆಂ.ಮೀ. ದೂರದಿಂದ, ಎರಡು ತೆಳು ಪದರವಾಗಿ ಹೊಡೆಯಿರಿ. ಮಳೆಗಾಲದ ತೇವದಲ್ಲಿ ಹೊಡೆದರೆ ಮೇಲ್ಮೈ ಮಂಜು ಹಿಡಿದಂತೆ ಬೆಳ್ಳಗಾಗಬಹುದು.

ಕೆಟ್ಟಾಗ: ಹಸಿಯಿದ್ದರೆ ಶುದ್ಧ ಒದ್ದೆ ಬ್ರಷ್‌ನಿಂದ ತಕ್ಷಣ ಎತ್ತಿ. ಒಣಗಿದ್ದರೆ ಮತ್ತೆ ಕಂದು ತುಂಬಿ ಮೊದಲಿನಿಂದ ಶುರುಮಾಡಿ, ಆದರೆ ಎರಡು ಸಲಕ್ಕಿಂತ ಹೆಚ್ಚು ಬೇಡ, ಗುಳಿಯೇ ಮುಚ್ಚಿಹೋಗುತ್ತೆ. ಆಗ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಮುಖವನ್ನು ಪ್ಲಾಸ್ಟಿಕ್‌ವರೆಗೂ ಒರೆಸಿ, ಪ್ರೈಮರ್‌ನಿಂದ ಮತ್ತೆ ಬನ್ನಿ. ನೇಲ್ ಪಾಲಿಶ್ ರಿಮೂವರ್ ಮಾತ್ರ ಮುಟ್ಟಿಸಬೇಡಿ, ಅದರ ಅಸಿಟೋನ್‌ಗೆ ಮೂಗೇ ಕರಗುತ್ತೆ.