ಅಯೋವಾದ ಮಸ್ಕಟೀನ್: ಮಿಸಿಸಿಪ್ಪಿ ಹೊರಳುವ ಕಡೆ ಇರುವ ಊರು

ನಿಮ್ಮ ಪ್ರಶ್ನೆ ಓದಿದೆ. ಯಜಮಾನರಿಗೆ ಮಸ್ಕಟೀನ್‌ನಲ್ಲಿ ಕೆಲಸ ಸಿಕ್ಕಿದೆ, ಮ್ಯಾಪ್‌ನಲ್ಲಿ ನೋಡಿದರೆ ಮಿಸಿಸಿಪ್ಪಿ ದಡದಲ್ಲಿ ಒಂದು ಸಣ್ಣ ಚುಕ್ಕೆ ಕಾಣುತ್ತದೆ, ಆ ಊರಿನ ಇತಿಹಾಸ, ಭೂಗೋಳ ಬಲ್ಲವರು ಯಾರಾದರೂ ಇದ್ದರೆ ತಿಳಿಸಿ ಅಂತ ಕೇಳಿದ್ದೀರಿ. ನಾವು ಇಲ್ಲಿಗೆ ಬಂದು ಎಂಟು ವರ್ಷ ಆಯಿತು. ಉತ್ತರ ಸ್ವಲ್ಪ ಉದ್ದವಾದೀತು, ಬಿಡುವಾದಾಗ ಓದಿ.

ಬಂದ ಮೊದಲನೇ ಬೇಸಿಗೆಯಲ್ಲಿ ಹಿತ್ತಲಲ್ಲಿ ಟೊಮೆಟೊಗೆ ಪಾತಿ ಮಾಡುತ್ತಿದ್ದೆ. ಗುದ್ದಲಿಗೆ ಏನೋ ಟಕ್ ಅಂತ ತಗುಲಿತು. ತೆಗೆದು ನೋಡಿದರೆ ಅಂಗೈ ಅಗಲದ ಕಪ್ಪೆಚಿಪ್ಪು. ಹೊರಮೈ ಕಂದು, ಒರಟು. ನಲ್ಲಿ ಕೆಳಗೆ ತೊಳೆದ ಮೇಲೆ ಒಳಮೈ ಹಾಲುಬಿಳುಪು, ಬಿಸಿಲಿಗೆ ವಾರೆ ಹಿಡಿದರೆ ತುಸು ಗುಲಾಬಿ. ಅದರಲ್ಲಿ ಐದು ತೂತು. ಐದೂ ಒಂದೇ ಅಳತೆ, ಕೈವಾರ ಇಟ್ಟು ಕೊರೆದ ಹಾಗೆ ಗುಂಡಗೆ. ನಾನು ಮಂಗಳೂರಿನ ಕಡೆಯವಳು, ಕಪ್ಪೆಚಿಪ್ಪಿನ ಮಾಂಸದ ಮರುವಾಯಿ ಸುಕ್ಕ ತಿಂದು ಬೆಳೆದವಳು. ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನೂ ನೋಡಿದ್ದೇನೆ. ಹೀಗೆ ಕೊರೆದ ಚಿಪ್ಪನ್ನು ಮಾತ್ರ ಎಲ್ಲೂ ನೋಡಿರಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. "ಓ, ಇದಾ! ಅಂಗಿ ಗುಂಡಿ ಕತ್ತರಿಸಿಕೊಂಡು ಬಿಸಾಕಿದ ಚಿಪ್ಪು. ಈ ಊರಲ್ಲಿ ಎಲ್ಲಿ ಅಗೆದರೂ ಸಿಗುತ್ತೆ" ಅಂದರು. ಅಜ್ಜಿ ಚಿಕ್ಕವರಿದ್ದಾಗ ಅವರ ತಾಯಿ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಅಂಗಿ ಗುಂಡಿಗಳನ್ನು ರಟ್ಟಿನ ಕಾರ್ಡಿಗೆ ಹೊಲಿದು ಕೊಡುತ್ತಿದ್ದರಂತೆ. ಈ ಊರಿನ ಚರಿತ್ರೆ ನನಗೆ ಶುರುವಾಗಿದ್ದು ಅಲ್ಲಿಂದ.

ಆದರೆ ಮೊದಲು ಭೂಗೋಳ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮ್ಯಾಪ್‌ನಲ್ಲಿ ಅಯೋವಾ ರಾಜ್ಯದ ಪೂರ್ವದ ಅಂಚು ನೋಡಿ, ಮೂಗಿನ ಹಾಗೆ ಒಂದು ಕಡೆ ಮುಂದೆ ಚಾಚಿದೆ. ಮಿಸಿಸಿಪ್ಪಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ನದಿ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆ ಮೂಗಿನ ಕೆಳಗೆ ಮಾತ್ರ ಅದು ಪಶ್ಚಿಮಕ್ಕೆ ಹರಿಯುತ್ತದೆ. ಡ್ಯಾವೆನ್‌ಪೋರ್ಟ್‌ನಿಂದ ಸುಮಾರು 30 ಮೈಲಿ ಹಾಗೆ ಬಂದು, ಮಸ್ಕಟೀನ್ ಹತ್ತಿರ ಮತ್ತೆ ದಕ್ಷಿಣಕ್ಕೆ ಹೊರಳುತ್ತದೆ. ಇದಕ್ಕೆ ಕಾರಣ ಹಿಮಯುಗ. ಒಂದು ಕಾಲದಲ್ಲಿ ಈ ನದಿ ಇನ್ನೂ ಪೂರ್ವಕ್ಕೆ, ಇವತ್ತಿನ ಇಲಿನಾಯ್ ನದಿಯ ಕಣಿವೆಯಲ್ಲಿ ಹರಿಯುತ್ತಿತ್ತು. 20 ಸಾವಿರ ವರ್ಷಗಳಿಗೂ ಹಿಂದೆ ಮಿಷಿಗನ್ ಸರೋವರದ ಕಡೆಯಿಂದ ಬಂದ ನೀರ್ಗಲ್ಲ ರಾಶಿ ಆ ದಾರಿಗೆ ಅಡ್ಡ ಬಿತ್ತು. ನೀರು ಪಶ್ಚಿಮಕ್ಕೆ ನುಗ್ಗಿ ಬಂಡೆ ಕೊರೆದು ಹೊಸ ದಾರಿ ಮಾಡಿಕೊಂಡಿತು. ಅದೇ ದಾರಿಯ ತಿರುವಿನಲ್ಲಿ ಈ ಊರಿದೆ.

ಹಳೇ ಊರು ದಿಬ್ಬದ ಮೇಲಿದೆ. ಪೇಟೆ ಬೀದಿಯಿಂದ ಮೇಲಕ್ಕೆ ಹೋಗುವ ಕೆಲವು ರಸ್ತೆಗಳು ಎಷ್ಟು ಕಡಿದಾಗಿವೆ ಅಂದರೆ ಜನವರಿಯಲ್ಲಿ ಕಾರು ಹತ್ತಿಸಲು ಧೈರ್ಯ ಬೇಕು. ಅಯೋವಾ ಅಂದರೆ ಚಪ್ಪಟೆ ನೆಲ ಅಂದುಕೊಂಡು ಬಂದಿದ್ದೆ, ಇಲ್ಲಿ ಬಂದು ನೋಡಿದಾಗ ಆಶ್ಚರ್ಯವಾಯಿತು. ಊರಿನ ದಕ್ಷಿಣಕ್ಕೆ ಮಾತ್ರ ನೆಲ ಒಮ್ಮೆಲೇ ಸಮತಟ್ಟಾಗುತ್ತದೆ. ಅದಕ್ಕೆ ಮಸ್ಕಟೀನ್ ಐಲೆಂಡ್ ಅಂತ ಹೆಸರು. ಈಗ ನೋಡಲು ದ್ವೀಪದ ಹಾಗೆ ಕಾಣುವುದಿಲ್ಲ. ನದಿಯ ಕಡೆ ಉದ್ದಕ್ಕೂ ಮಣ್ಣಿನ ಏರಿ ಕಟ್ಟಿದ್ದಾರೆ. ಮರಳು ನೆಲ, ಕರ್ಬೂಜ ಮತ್ತು ಕಲ್ಲಂಗಡಿಗೆ ಹೇಳಿ ಮಾಡಿಸಿದ್ದು. ಆಗಸ್ಟ್‌ನಲ್ಲಿ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಇಲ್ಲಿನ ಕರ್ಬೂಜ ಒಮ್ಮೆ ತಿಂದರೆ ಸೂಪರ್‌ಮಾರ್ಕೆಟ್‌ನದ್ದು ಬೇಡ ಅನಿಸುತ್ತದೆ.

ಈ ನೆಲ ಸಾಕ್ ಮತ್ತು ಮೆಸ್ಕ್ವಾಕಿ ಅನ್ನುವ ಮೂಲನಿವಾಸಿ ಜನರದ್ದಾಗಿತ್ತು. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಅವರು ಸೋತ ಮೇಲೆ ನದಿಯ ಪಶ್ಚಿಮ ದಡದ ಅಗಲವಾದ ಪಟ್ಟಿಯನ್ನು ಅಮೆರಿಕ ಸರ್ಕಾರ ಅವರಿಂದ ಬರೆಸಿಕೊಂಡಿತು. 1833ರ ಜೂನ್‌ನಲ್ಲಿ ಬಿಳಿಯರು ಬಂದು ನೆಲೆಸಲು ಶುರು ಮಾಡಿದರು. ಇಲ್ಲಿ ಮೊದಲು ಇದ್ದದ್ದು ಉಗಿಹಡಗುಗಳಿಗೆ ಸೌದೆ ಮಾರುವ ಒಂದು ತಾಣ ಅಷ್ಟೇ. 1836ರಲ್ಲಿ ಊರಿನ ನಕ್ಷೆ ಹಾಕಿದಾಗ ಇಟ್ಟ ಹೆಸರು ಬ್ಲೂಮಿಂಗ್‌ಟನ್. ಆ ಹೆಸರಿನ ಊರುಗಳು ಸುತ್ತಮುತ್ತಲಿನ ರಾಜ್ಯಗಳಲ್ಲೂ ಇದ್ದು ಟಪಾಲು ಅದಲುಬದಲಾಗುತ್ತಿತ್ತು. ಹಾಗಾಗಿ 1849ರ ಸುಮಾರಿಗೆ ಮಸ್ಕಟೀನ್ ಅಂತ ಬದಲಾಯಿಸಿದರು. ಹೇಳುವಾಗ "ಟೀನ್" ಮೇಲೆ ಒತ್ತು ಬರಲಿ.

ಸೌದೆಯ ನಂತರ ಮರದ ದಿಮ್ಮಿ. ವಿಸ್ಕಾನ್ಸಿನ್, ಮಿನೆಸೋಟಾ ಕಾಡುಗಳಲ್ಲಿ ಕಡಿದ ಬಿಳಿ ಪೈನ್ ಮರಗಳನ್ನು ತೆಪ್ಪ ಕಟ್ಟಿ ನದಿಯಲ್ಲಿ ತೇಲಿಬಿಡುತ್ತಿದ್ದರು. ಇಲ್ಲಿನ ಗರಗಸದ ಮಿಲ್ಲುಗಳು ಅವನ್ನು ಹಲಗೆ, ಬಾಗಿಲು, ಕಿಟಕಿ ಮಾಡಿ ಮಾರುತ್ತಿದ್ದವು. ದಿಬ್ಬದ ಮೇಲಿನ ದೊಡ್ಡ ದೊಡ್ಡ ಮನೆಗಳಲ್ಲಿ ಅನೇಕವು ಆ ದುಡ್ಡಿನಲ್ಲಿ ಎದ್ದವು. 1900ರ ಹೊತ್ತಿಗೆ ಉತ್ತರದ ಕಾಡು ಬರಿದಾಯಿತು, ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು.

ಅಷ್ಟರಲ್ಲಿ ಗುಂಡಿ ಬಂದಿತ್ತು. ಜಾನ್ ಬೋಪಲ್ ಅನ್ನುವವನು ಜರ್ಮನಿಯ ಹ್ಯಾಂಬರ್ಗ್ ಹತ್ತಿರದ ಗುಂಡಿ ಕಸುಬಿನವನು. ಅಮೆರಿಕದ ಹೊಳೆಗಳಲ್ಲಿ ದಪ್ಪ ಚಿಪ್ಪು ಸಿಗುತ್ತದೆ ಅಂತ ಹುಡುಕಿಕೊಂಡು ಬಂದ. 1890ರಲ್ಲಿ ಹೊರದೇಶದ ಗುಂಡಿಗಳ ಮೇಲೆ ಅಮೆರಿಕ ಭಾರೀ ಸುಂಕ ಹಾಕಿತು, ಅವನ ಅದೃಷ್ಟ ಖುಲಾಯಿಸಿತು. 1891ರಲ್ಲಿ ಮಸ್ಕಟೀನ್‌ನಲ್ಲಿ ಕೆಲಸ ಶುರು ಮಾಡಿದ. 1905ರಲ್ಲಿ ಈ ಒಂದು ಊರು 150 ಕೋಟಿ ಗುಂಡಿ ತಯಾರಿಸಿತು. ಇಡೀ ಪ್ರಪಂಚದ ಗುಂಡಿಗಳಲ್ಲಿ ಶೇ. 37ರಷ್ಟು! ಮ್ಯೂಸಿಯಂನಲ್ಲಿ ಈ ಸಂಖ್ಯೆ ಓದಿ ನಾನು ಎರಡು ಸಲ ಸೊನ್ನೆ ಎಣಿಸಿದ್ದೆ.

ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಹೇಳಲೇಬೇಕು. ಕಪ್ಪೆಚಿಪ್ಪು ನದಿಯ ತಳದಲ್ಲಿ ಬಾಯಿ ಅರ್ಧ ತೆರೆದು ಕೂತಿರುತ್ತದೆ. ಚಪ್ಪಟೆ ದೋಣಿಯವರು ಉದ್ದನೆಯ ಸರಳಿಗೆ ಸಾಲು ಸಾಲಾಗಿ ಕೊಕ್ಕೆ ಕಟ್ಟಿ ತಳದ ಮೇಲೆ ಎಳೆಯುತ್ತಿದ್ದರು. ಕೊಕ್ಕೆ ಒಳಗೆ ತಾಗಿದೊಡನೆ ಚಿಪ್ಪು ಗಟ್ಟಿಯಾಗಿ ಬಾಯಿ ಮುಚ್ಚುತ್ತದೆ. ತನ್ನನ್ನು ಕಾಪಾಡಿಕೊಳ್ಳಲು ಕಚ್ಚಿದ ಕೊಕ್ಕೆಯಲ್ಲೇ ನೇತಾಡುತ್ತ ಮೇಲೆ ಬರುತ್ತದೆ. ದಡದಲ್ಲಿ ತೊಟ್ಟಿಗೆ ಹಾಕಿ ಬೇಯಿಸಿ, ಮಾಂಸ ತೆಗೆದು, ಅದರಲ್ಲಿ ಮುತ್ತು ಏನಾದರೂ ಇದೆಯಾ ಅಂತ ಬೆರಳಾಡಿಸಿ ನೋಡಿ, ಉಳಿದದ್ದನ್ನು ಹಂದಿಗೆ ಹಾಕುತ್ತಿದ್ದರು. ಒಣಗಿದ ಚಿಪ್ಪು ಕೊರೆದರೆ ಸಿಡಿಯುತ್ತದೆ, ಅದಕ್ಕೆ ಪೀಪಾಯಿಗಳಲ್ಲಿ ದಿನಗಟ್ಟಲೆ ನೆನೆಹಾಕುತ್ತಿದ್ದರು. ಆಮೇಲೆ ಕೊಳವೆಯಾಕಾರದ ಗರಗಸ ತಿರುಗುವ ಯಂತ್ರದ ಮುಂದೆ ಕತ್ತರಿಸುವವರು ನಿಲ್ಲುತ್ತಿದ್ದರು. ನೀರು ಚಿಮ್ಮುತ್ತಿರುವಾಗಲೇ ಒಂದೊಂದೇ ಬಿಲ್ಲೆ ಕೊರೆದು ಬೀಳಿಸಬೇಕು. ಬಿಲ್ಲೆಯನ್ನು ತೇದು, ಎರಡೋ ನಾಲ್ಕೋ ತೂತು ಹಾಕಿ, ಹೊಳಪು ಕೊಡುವ ಕೆಲಸಗಳಲ್ಲಿ ಹೆಂಗಸರೇ ಹೆಚ್ಚು. ಕಾರ್ಡಿಗೆ ಹೊಲಿಯುವುದು ಮನೆಮನೆಯಲ್ಲಿ, ಮಕ್ಕಳೂ ಕೂತು ಹೊಲಿಯುತ್ತಿದ್ದರು. ನನ್ನ ಕೈಯಲ್ಲಿದ್ದ ಚಿಪ್ಪಿನ ಐದು ತೂತು ಯಾರೋ ಒಬ್ಬ ಮನುಷ್ಯ ಒದ್ದೆ ಬಟ್ಟೆಯಲ್ಲಿ ನಿಂತು ಐದು ಸಲ ಕೈ ಒತ್ತಿದ ಗುರುತು ಅಂತ ಅರ್ಥವಾದ ಮೇಲೆ ಅದನ್ನು ಬಿಸಾಡಲು ಮನಸ್ಸು ಬರಲಿಲ್ಲ.

ಕೂಲಿ ಎಣಿಕೆಯ ಮೇಲೆ. ಎಣಿಕೆಯಲ್ಲಿ ಮೋಸ ಆಗುತ್ತಿದೆ ಅಂತ ಕೆಲಸಗಾರರ ದೂರು. 1911ರಲ್ಲಿ ಅವರು ಸಂಘ ಕಟ್ಟಿದರು, ಕಾರ್ಖಾನೆಗಳು ಬಾಗಿಲು ಹಾಕಿದವು, ಬೀದಿ ಜಗಳವಾಗಿ ಗವರ್ನರ್ ಸೈನ್ಯ ಕಳಿಸುವವರೆಗೂ ಹೋಯಿತು. ಪರ್ಲ್ ಮೆಗಿಲ್ ಅನ್ನುವ ಹರೆಯದ ಹುಡುಗಿ ಆ ಸಂಘದ ಪರವಾಗಿ ಬೇರೆ ಊರುಗಳಿಗೆ ಹೋಗಿ ಭಾಷಣ ಮಾಡಿ ಹಣ ಕೂಡಿಸಿದಳು. ಹೋರಾಟ ಕೊನೆಗೆ ಸೋತಿತು. ಈ ಊರಿನಲ್ಲಿ ಗುಂಡಿಯ ಹೆಮ್ಮೆ ಹೇಳುವವರು ತುಂಬಾ ಜನ ಇದ್ದಾರೆ. ಆ ಹುಡುಗಿಯ ಹೆಸರನ್ನೂ ಅಷ್ಟೇ ಜೋರಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಚಿಪ್ಪು ಮುಗಿಯುತ್ತ ಬಂತು. ಕಪ್ಪೆಚಿಪ್ಪು ಬೆಳೆಯಲು ವರ್ಷಾನುಗಟ್ಟಲೆ ಬೇಕು. ಅದರ ಮರಿ ಮೊದಲು ಯಾವುದಾದರೂ ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ವಾರ ಬದುಕಬೇಕು, ಆಮೇಲೆ ತಳಕ್ಕೆ ಬಿದ್ದು ಬೆಳೆಯುತ್ತದೆ. ಸರ್ಕಾರ ಹತ್ತಿರದ ಫೇರ್‌ಪೋರ್ಟ್‌ನಲ್ಲಿ 1908ರಲ್ಲಿ ಒಂದು ಸಂಶೋಧನಾ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಮೀನುಗಳಿಗೆ ಈ ಮರಿಗಳನ್ನು ಅಂಟಿಸಿ ನದಿಗೆ ಬಿಡುತ್ತಿದ್ದರು. ಸ್ವತಃ ಬೋಪಲ್ ಕೊನೆಗೆ ಅಲ್ಲೇ ಚಿಪ್ಪಿನ ಪರಿಣತನಾಗಿ ಕೆಲಸಕ್ಕೆ ಸೇರಿದ. ಚಿಪ್ಪು ತುಳಿದು ಕಾಲಿಗಾದ ಗಾಯ ನಂಜಾಗಿ 1912ರಲ್ಲಿ ತೀರಿಕೊಂಡ. ಅಷ್ಟೆಲ್ಲ ಮಾಡಿದರೂ ಹಿಡಿಯುವ ವೇಗಕ್ಕೆ ಬೆಳೆಯುವ ವೇಗ ಸಾಟಿಯಾಗಲಿಲ್ಲ. ಹೂಳು, ಕೊಳಚೆ ಬೇರೆ. 1950–60ರ ದಶಕಗಳಲ್ಲಿ ಪ್ಲಾಸ್ಟಿಕ್ ಗುಂಡಿ ಪೂರ್ತಿ ಜಾಗ ಹಿಡಿಯಿತು. ಹಿಗ್ಗಿನ್ಸ್ ಐ ಅಂತ ಒಂದು ಚಿಪ್ಪಿನ ಜಾತಿ ಇದೆ. 1857ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು ಈ ಊರಿನಲ್ಲಿ ಸಿಕ್ಕ ಮಾದರಿ ನೋಡಿ. 1976ರಿಂದ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ.

ಇನ್ನೊಂದು ಕಥೆ ನೀವು ಮಕ್ಕಳಿಗೆ ಹೇಳಲೇಬೇಕಾದದ್ದು. ಅಲೆಕ್ಸಾಂಡರ್ ಕ್ಲಾರ್ಕ್ ಅನ್ನುವ ಕಪ್ಪು ಹುಡುಗ 1842ರಲ್ಲಿ, 16ನೇ ವಯಸ್ಸಿನಲ್ಲಿ ಈ ಊರಿಗೆ ಬಂದ. ಕ್ಷೌರ ಮಾಡಿದ, ಉಗಿಹಡಗುಗಳಿಗೆ ಸೌದೆ ಮಾರಿದ, ಜಮೀನು ಕೊಂಡ, ಅನುಕೂಲಸ್ಥನಾದ. 1867ರಲ್ಲಿ 12 ವರ್ಷದ ಮಗಳು ಸೂಸನ್‌ಳನ್ನು ಮನೆ ಹತ್ತಿರದ ಶಾಲೆಗೆ ಸೇರಿಸಲು ಹೋದರೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇದೆ ಅಂತ ಬಾಗಿಲಲ್ಲೇ ತಡೆದರು. ಕ್ಲಾರ್ಕ್ ಕೋರ್ಟಿಗೆ ಹೋದರು. 1868ರಲ್ಲಿ ಅಯೋವಾ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ರಾಜ್ಯದ ಸಂವಿಧಾನ ಎಲ್ಲ ಮಕ್ಕಳಿಗೂ ಶಿಕ್ಷಣ ಅನ್ನುತ್ತದೆ, ಬಣ್ಣ ನೋಡಿ ಬೇರೆ ಕೂರಿಸುವ ಅಧಿಕಾರ ಶಾಲಾ ಮಂಡಳಿಗೆ ಇಲ್ಲ. ಇಡೀ ದೇಶಕ್ಕೆ ಅಂಥ ತೀರ್ಪು ಬಂದದ್ದು 1954ರಲ್ಲಿ, ಅಂದರೆ 86 ವರ್ಷ ಆದ ಮೇಲೆ. ಅದೇ 1868ರಲ್ಲಿ ಅಯೋವಾದ ಕಪ್ಪು ಗಂಡಸರಿಗೆ ಮತದ ಹಕ್ಕು ಸಿಕ್ಕಿದ್ದರಲ್ಲೂ ಕ್ಲಾರ್ಕ್ ಅವರ ಓಡಾಟ ಇತ್ತು. ಐವತ್ತು ದಾಟಿದ ಮೇಲೆ ಕಾನೂನು ಕಾಲೇಜು ಸೇರಿ 1884ರಲ್ಲಿ ಪದವಿ ಪಡೆದರು. 1890ರಲ್ಲಿ ಲೈಬೀರಿಯಾಕ್ಕೆ ಅಮೆರಿಕದ ರಾಯಭಾರಿಯಾಗಿ ಹೋಗಿ ಮರುವರ್ಷ ಅಲ್ಲೇ ಕಣ್ಣು ಮುಚ್ಚಿದರು. ಸಮಾಧಿ ಇಲ್ಲಿಯ ಗ್ರೀನ್‌ವುಡ್ ಸ್ಮಶಾನದಲ್ಲಿದೆ, ಅವರ ಮನೆಯೂ ಉಳಿದಿದೆ. ನಿಮ್ಮ ಮಕ್ಕಳು ಇಲ್ಲಿ ಜೂನಿಯರ್ ಹೈ ಸೇರಿದರೆ ಓದುವ ಶಾಲೆಯ ಹೆಸರು ಸೂಸನ್ ಕ್ಲಾರ್ಕ್. ಬಾಗಿಲಲ್ಲಿ ತಡೆದ ಆ ಹುಡುಗಿಯ ಹೆಸರೇ.

ಈಗಿನ ಊರು: 2020ರ ಜನಗಣತಿಯಲ್ಲಿ ಜನಸಂಖ್ಯೆ 23,797. ಆಫೀಸ್ ಪೀಠೋಪಕರಣ, ಮುಸುಕಿನ ಜೋಳದಿಂದ ಪಿಷ್ಟ ಮತ್ತು ಆಲ್ಕೋಹಾಲ್, ಹೈಂಜ್ ಕೆಚಪ್, ಇವೇ ದೊಡ್ಡ ಕೆಲಸಗಳು. ಹಿತ್ತಲಿಗೆ ಬರುವ ಗಾಳಿಯಲ್ಲಿ ಕೆಲವು ದಿನ ಜೋಳ ಬೇಯಿಸಿದ ವಾಸನೆ ಇರುತ್ತದೆ, ಅಭ್ಯಾಸವಾಗುತ್ತದೆ. ಚೀನಾದ ಷಿ ಜಿನ್‌ಪಿಂಗ್ 1985ರಲ್ಲಿ ಒಂದು ಕೌಂಟಿಯ ಅಧಿಕಾರಿಯಾಗಿದ್ದಾಗ ಕೃಷಿ ನಿಯೋಗದ ಜೊತೆ ಬಂದು ಇಲ್ಲೊಂದು ಮನೆಯಲ್ಲಿ ಉಳಿದಿದ್ದರು, 2012ರಲ್ಲಿ ಮತ್ತೆ ಬಂದು ಹಳೇ ಪರಿಚಯದವರನ್ನು ಕಂಡು ಹೋದರು. ಇದನ್ನು ನಿಮಗೆ ಎಲ್ಲರೂ ಹೇಳುತ್ತಾರೆ. ಬೇಳೆ, ಕರಿಬೇವಿಗೆ ನಾವು ಡ್ಯಾವೆನ್‌ಪೋರ್ಟ್ ಕಡೆಗೋ ಅಯೋವಾ ಸಿಟಿಗೋ ಹೋಗುತ್ತೇವೆ.

ಮನೆ ನೋಡುವಾಗ ನದಿಯ ಎತ್ತರ ಗಮನಿಸಿ. ಇಲ್ಲಿ ಮಾಪನದಲ್ಲಿ 16 ಅಡಿ ದಾಟಿದರೆ ಪ್ರವಾಹ ಅನ್ನುತ್ತಾರೆ. 1965 ಮತ್ತು 1993ರ ನೆರೆಗಳನ್ನು ಹಳಬರು ಇವತ್ತಿಗೂ ನೆನೆಯುತ್ತಾರೆ. ದಿಬ್ಬದ ಮೇಲಿದ್ದರೆ ನೀರಿನ ಚಿಂತೆ ಇಲ್ಲ. ದಕ್ಷಿಣದ ತಗ್ಗಿನಲ್ಲಾದರೆ ಇನ್ಶೂರೆನ್ಸ್ ವಿಚಾರ ಮೊದಲೇ ಕೇಳಿಕೊಳ್ಳಿ.

ಬಂದ ಮೇಲೆ ಒಂದು ಭಾನುವಾರ ಊರಿನ ಮೇಲ್ಗಡೆ ಇರುವ 16ನೇ ನಂಬರಿನ ಅಣೆಕಟ್ಟೆಗೆ ಹೋಗಿ. 1937ರಲ್ಲಿ ಮುಗಿದದ್ದು. ನಮ್ಮ ಕಡೆಯ ಡ್ಯಾಮಿನ ಹಾಗೆ ನೀರು ಕೂಡಿಡಲು ಕಟ್ಟಿದ್ದಲ್ಲ, ಹಡಗು ಓಡಾಡಲು ಕನಿಷ್ಠ 9 ಅಡಿ ಆಳ ಇರಲಿ ಅಂತ ಕಟ್ಟಿದ್ದು. ಪಕ್ಕದ ಲಾಕ್ (ಹಡಗುಗಳನ್ನು ಏರಿಸಿ ಇಳಿಸಿ ದಾಟಿಸುವ ನೀರಿನ ತೊಟ್ಟಿ) 600 ಅಡಿ ಉದ್ದ. 15 ಬಾರ್ಜ್ (ಸರಕು ಹೇರುವ ಚಪ್ಪಟೆ ದೋಣಿ) ಒಟ್ಟಿಗೆ ಕಟ್ಟಿಕೊಂಡು ಬರುವ ಯಂತ್ರದ ದೋಣಿ ಅದರೊಳಗೆ ಒಂದೇ ಸಲ ಹಿಡಿಸುವುದಿಲ್ಲ. ಮುಂದಿನ ಒಂಬತ್ತನ್ನು ಬಿಚ್ಚಿ ಮೊದಲು ದಾಟಿಸಿ, ಉಳಿದದ್ದರ ಜೊತೆ ದೋಣಿ ಆಮೇಲೆ ದಾಟುತ್ತದೆ. ಗಂಟೆಗಟ್ಟಲೆ ನಡೆಯುವ ಕೆಲಸ, ನನ್ನ ಮಗ ಅಲ್ಲಿಂದ ಕದಲುವುದೇ ಇಲ್ಲ. ಜನವರಿಯಲ್ಲಿ ನದಿ ಹೆಪ್ಪುಗಟ್ಟಿ ಬಾರ್ಜ್ ನಿಂತಾಗ ಅಣೆಕಟ್ಟೆಯ ಕೆಳಗೆ ಮಾತ್ರ ನೀರು ತೆರೆದಿರುತ್ತದೆ. ಮೀನಿಗಾಗಿ ಬಿಳಿತಲೆಯ ಹದ್ದುಗಳು ಬಂದು ಮರಗಳಲ್ಲಿ ಕೂರುತ್ತವೆ.

ಹಿತ್ತಲಿರುವ ಮನೆ ಸಿಕ್ಕರೆ ಮೇ ಮಧ್ಯದವರೆಗೆ ಟೊಮೆಟೊ ಸಸಿ ನೆಡಬೇಡಿ, ಮಂಜಿಗೆ ಸುಟ್ಟುಹೋಗುತ್ತದೆ. ನದಿಯಲ್ಲಿ ಜೀವ ಇರುವ ಚಿಪ್ಪು ಕಂಡರೆ ಇದ್ದಲ್ಲೇ ಬಿಡಿ. ಪಾತಿ ಅಗೆಯುವಾಗ ಸಿಕ್ಕಿದ್ದನ್ನು ಮಾತ್ರ ತೊಳೆದಿಟ್ಟುಕೊಳ್ಳಿ, ಎಷ್ಟು ತೂತು ಇದ್ದವು ಅಂತ ನನಗೂ ಬರೆಯಿರಿ. ನಮ್ಮ ಕಿಟಕಿಯ ಮೇಲೆ ಈಗ ಹನ್ನೊಂದು ಚಿಪ್ಪು ಇವೆ. ಒಂದರಲ್ಲಿ ಎಂಟು ತೂತು.