ಬಾಲ್ಕನಿಯ ಕಾಂಕ್ರೀಟು ಉದುರುತ್ತಿರುವ ಬಗ್ಗೆ

ಮಾನ್ಯರೇ, 1970ರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಿದ ನಿಮ್ಮ ಸರಕಾರಿ ವಸತಿ ಸಮುಚ್ಚಯದ ಬಾಲ್ಕನಿಗಳ ಅಡಿಭಾಗ ಉದುರುತ್ತಿದೆ, ಮೇಲೊಂದು ಸಾರಣೆ ಮಾಡಿಸಿ ಬಣ್ಣ ಬಳಿದರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಒಳಗಿನ ಸರಳು ಉಬ್ಬಿ ಕಾಂಕ್ರೀಟನ್ನು ಹೊರಗೆ ದೂಡುತ್ತಿರುತ್ತದೆ. ನಾವಿದ್ದ ಕಟ್ಟಡದಲ್ಲಿ ಹಾಗೆ ಬಳಿದ ಸಾರಣೆ ಎರಡನೆಯ ಆಟಿಯ ಮಳೆಗೇ ಹಪ್ಪಳದಂತೆ ಕಳಚಿ ಬಿದ್ದಿತ್ತು.

ಮೊದಲು ಸುತ್ತಿಗೆಯಿಂದ ಮೆಲ್ಲನೆ ತಟ್ಟಿಸಿ, ಟೊಳ್ಳು ಸದ್ದು ಬಂದ ಜಾಗಗಳನ್ನೆಲ್ಲ ಗುರುತು ಹಾಕಿಸಿ. ಹೊಸದಾಗಿ ಒಡೆದ ಮುಖಕ್ಕೆ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದಾಗ ಗುಲಾಬಿ ಬಣ್ಣ ಬಂದರೆ ಸರಳನ್ನು ಕಾಯುವ ಕ್ಷಾರಗುಣ ಉಳಿದಿದೆ, ಬಾರದಿದ್ದರೆ ಹೋಗಿದೆ ಎಂದರ್ಥ. ಕಡಲ ಗಾಳಿಯ ಉಪ್ಪನ್ನು ಮಾತ್ರ ಇದು ತೋರಿಸದು, ಅದಕ್ಕೆ ಕ್ಲೋರೈಡ್ ಪರೀಕ್ಷೆಯನ್ನೇ ಮಾಡಿಸಬೇಕು. ಬಳಿಕ ಸರಳಿನ ಹಿಂಬದಿಯವರೆಗೂ ಕೆತ್ತಿ, ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಪಾಲಿಮರ್ ಬೆರೆಸಿದ ಗಾರೆಯನ್ನು ತುಂಬಿಸಿ. ನೀರು ಇಳಿಯುವ ದಾರಿ ಸರಿಯಾಗದಿದ್ದರೆ ಇದೆಲ್ಲವೂ ವ್ಯರ್ಥ.

ಕೆಡವುವುದೇ ಲೇಸೆಂದು ನಿಮ್ಮ ಸಂಘದಲ್ಲಿ ಕೆಲವರು ಹೇಳುತ್ತಾರೆಂದು ಬರೆದಿದ್ದೀರಿ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1961ರಲ್ಲಿ ಪೂರ್ಣಗೊಂಡ ಪಾರ್ಕ್ ಹಿಲ್ ಸಮುಚ್ಚಯವೂ ಶಿಥಿಲವಾಗಿತ್ತು; 1998ರಲ್ಲಿ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿ, ಮುಂದೆ ಕಾಂಕ್ರೀಟ್ ಚೌಕಟ್ಟನ್ನು ದುರಸ್ತಿಗೊಳಿಸಿ ಉಳಿಸಿಕೊಂಡರು. ಆದರೆ ಅಲ್ಲಿ ನವೀಕರಿಸಿದ ಮನೆಗಳಲ್ಲಿ ಬಹಳಷ್ಟು ಖಾಸಗಿ ಮಾರಾಟಕ್ಕೆ ಹೋದವು. ಆದ್ದರಿಂದ ಈಗಿರುವ ಕುಟುಂಬಗಳು ಮರಳಿ ಬರುವ ಷರತ್ತನ್ನು ನಿಮ್ಮ ಮನವಿಯಲ್ಲಿ ಮೊದಲೇ ಬರೆಸಿಕೊಳ್ಳಿ.